ಮಾವನ ಅಂಗೈ ಬರೆದ ಹೆಸರು

ವಿವರಿಸಲಾಗದ ಸಂಗತಿ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಮೂಡಬಿದಿರೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನಾನು. ಯಂತ್ರಕ್ಕೆ ನಾವು ಏನು ಕೊಡುತ್ತೇವೋ ಅದೇ ಹೊರಗೆ ಬರುತ್ತದೆ ಎಂದು ಮಕ್ಕಳಿಗೆ ಖಡಾಖಂಡಿತವಾಗಿ ಹೇಳುತ್ತಿದ್ದೆ.

ಅದು ಎಂಬತ್ತರ ದಶಕದ ಕೊನೆ. ಲಾಯಿಲದಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವನಿಗೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋಗಿದ್ದವು. ಬುದ್ಧಿಯೂ ಹೋಗಿದೆ ಎಂದು ತೀರ್ಮಾನಿಸಿದ ಮನೆಯವರು ಅವರ ಎದುರಿಗೇ ಹೋಟೆಲು ಮಾರುವ ಮಾತಾಡುತ್ತಿದ್ದರು. ಅವರ ಕಣ್ಣು ನೋಡಿದ ನನಗೆ ಹಾಗೆ ಅನ್ನಿಸಲಿಲ್ಲ.

ಶಾಲೆಗೆ ಆಗಷ್ಟೇ ಒಂದು ಕಂಪ್ಯೂಟರ್ ಬಂದಿತ್ತು. ಅದಕ್ಕೆ ಜೋಡಿಸಲು ಹಲಗೆಯೊಂದನ್ನು ಮಾಡಿದೆ. ಮೊದಲು ಕಾಲಿಂಗ್ ಬೆಲ್ಲಿನ ಸ್ವಿಚ್ಚು ಹಾಕಿದ್ದೆ. ಮಾವನ ನಡುಗುವ ಎಡಗೈ ಅಷ್ಟು ಸಣ್ಣದರ ಮೇಲೆ ನಿಲ್ಲದೆ ಜಾರೀತು ಅನ್ನಿಸಿತು. ಆಮೇಲೆ ಬಿಸ್ಕಿಟ್ ಡಬ್ಬಿಯ ತಗಡಿನಲ್ಲಿ ಅಂಗೈಯಗಲದ ಐದು ಗುಂಡಿ ಮಾಡಿದೆ. ಮುಟ್ಟಿದರೇ ತಿಳಿಯಲೆಂದು ‘ನೋವು’ ಎಂದು ಹೇಳುವ ಗುಂಡಿಗೆ ತೆಂಗಿನ ನಾರು ಅಂಟಿಸಿದೆ. ನೀರು, ಊಟ, ನೋವು, ಹೌದು, ಬೇಡ. ಯಾವುದನ್ನು ಒತ್ತಿದರೂ ಆ ಪದ ಕಂಪ್ಯೂಟರಿಗೆ ಜೋಡಿಸಿದ ಟೀವಿಯಲ್ಲಿ ದೊಡ್ಡದಾಗಿ ಮೂಡಬೇಕು. ಕಂಪ್ಯೂಟರಿಗೆ ಕನ್ನಡ ಬಾರದು. ಆ ಐದು ಪದಗಳ ಅಕ್ಷರಗಳನ್ನಷ್ಟೇ ಚುಕ್ಕೆ ಚುಕ್ಕೆಯಾಗಿ ಬರೆದು ಪ್ರೋಗ್ರಾಮಿಗೆ ಸೇರಿಸಿದೆ.

ಶಾಲೆಯ ಒಪ್ಪಿಗೆ ಪಡೆದು, ಒಂದು ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಜೀಪಿನಲ್ಲಿ ಹೇರಿಕೊಂಡು ಹೋದೆ.

"ಅಣ್ಣನಿಗೆ ಏನೂ ಗೊತ್ತಾಗುವುದಿಲ್ಲ ಮಾರಾಯ. ಸುಮ್ಮನೆ ಯಾಕೆ ಕಷ್ಟ ಕೊಡ್ತೀಯ?" ಎಂದರು ಚಿಕ್ಕಮಾವ.

ನಾನು ಮಾವನ ಕೈಯನ್ನು ಹಲಗೆಯ ಮೇಲಿಟ್ಟು, ಯಾವ ಗುಂಡಿಗೆ ಯಾವ ಪದವೆಂದು ತೋರಿಸಿ ಕೇಳಿದೆ: "ಮಾವ, ಹೋಟೆಲು ಮಾರುವುದಾ?"

ಕೈ ಸರಿಯಿತು, ಒತ್ತಿತು. ‘ಬೇಡ.’

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಿಕ್ಕಮಾವ ಅವರ ಮುಂದೆ ಬಂದು ಕೂತು, "ಅಣ್ಣಾ, ನಿಮಗೆ ಎಲ್ಲ ಕೇಳ್ತಾ ಉಂಟಾ?" ಎಂದರು. ‘ಹೌದು.’ ಮತ್ತೆ ‘ಹೌದು.’ ನಾನು ಮಾವನ ಮನೆಯ ಚಾವಡಿಯಲ್ಲಿ ಕುಣಿದದ್ದು ಸುಳ್ಳಲ್ಲ.

ಆಗಲೇ ಅದು ಆದದ್ದು. ಮಾವ ಅತ್ತೆಯ ಕಡೆ ತಿರುಗಿ ಅಂಗೈಯನ್ನು ಹಲಗೆಯ ನಡುವೆ ಇಟ್ಟರು. ಟೀವಿಯಲ್ಲಿ ‘ಕುಸುಮ’ ಎಂದು ಮೂಡಿತು. ನಾವೆಲ್ಲರೂ ಓದಿದೆವು. ಅತ್ತೆಯ ಹೆಸರು ಲಲಿತಾ.

"ಮದುವೆಯಾದ ಹೊಸತರಲ್ಲಿ ಇವರು ನನ್ನನ್ನು ಹಾಗೆ ಕರೀತಾ ಇದ್ರು," ಅತ್ತೆ ಮೆಲ್ಲನೆ ಹೇಳಿದರು. "ಯಾರಿಗೂ ಗೊತ್ತಿಲ್ಲ."

ಪ್ರೋಗ್ರಾಮನ್ನು ಸಾಲು ಸಾಲಾಗಿ ಹುಡುಕಿದೆ. ‘ಕ’ ಇಲ್ಲ, ‘ಸ’ ಇಲ್ಲ, ‘ಮ’ ಇಲ್ಲ. ಎಷ್ಟು ಸಲ ಒತ್ತಿದರೂ ಆ ಹೆಸರು ಮತ್ತೆ ಬರಲಿಲ್ಲ.

ಕಂಪ್ಯೂಟರನ್ನು ಶಾಲೆಗೆ ಒಪ್ಪಿಸಿ, ಟೀವಿಯ ಬದಲಿಗೆ ಹಲಗೆಗೆ ಪದಕ್ಕೊಂದರಂತೆ ಐದು ಬಲ್ಬು ಜೋಡಿಸಿಕೊಟ್ಟೆ. ಹೋಟೆಲು ಮಾರಲಿಲ್ಲ, ಅದೇ ಹಲಗೆ ಮುಂದಿಟ್ಟುಕೊಂಡು ಮಾವ ಮತ್ತೆ ಗಲ್ಲಾದಲ್ಲಿ ಕೂತರು. ಆ ಮೂರು ಅಕ್ಷರ ಎಲ್ಲಿಂದ ಬಂದವೆಂದು ನನಗೆ ಇಂದಿಗೂ ತಿಳಿದಿಲ್ಲ. ಅತ್ತೆಗೆ ಮಾತ್ರ ಅದು ಒಂದು ಪ್ರಶ್ನೆ ಅನ್ನಿಸಲೇ ಇಲ್ಲ.