ತುಟಿಗೆ ಹಚ್ಚಿದ ನೂಲು

ಮಾಳವ್ವ ಕಾಕು ನೂಲನ್ನು ಕಣ್ಣಿನಿಂದ ಆರಿಸುತ್ತಿರಲಿಲ್ಲ, ಬೆರಳನ್ನೂ ನಂಬುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂದೆಳೆಯನ್ನು ಕೆಳತುಟಿಯ ಮೇಲೆ ಮೆಲ್ಲಗೆ ಎಳೆಯುವಳು. ಉಮರ್ಗಾದ ಅಂಗಡಿಯಲ್ಲಿ ಹೀಗೆ ಆರೇಳು ಉಂಡೆ ತುಟಿಗೆ ಹಚ್ಚಿ ಎಲ್ಲವನ್ನೂ ಹಿಂದಕ್ಕೆ ಸರಿಸಿದಾಗ ಸಾವಕಾರ, 'ಕಾಕು, ಒಂದಾದ್ರೂ ಒಯ್ತೀರೋ, ರುಚಿ ನೋಡೇ ಹೋಗ್ತೀರೋ' ಎಂದು ಕೇಳಿದ್ದ. ಈಕೆ ಮತ್ತೊಂದು ಉಂಡೆಗೆ ಕೈ ಚಾಚಿದಳು.

ಕಾಸಾರಶಿರಸಿಯಲ್ಲಿ ನಮ್ಮ ಪಕ್ಕದ ಮನೆ ಆಕೆಯದು; ಓಣಿಗೆಲ್ಲ ಆಕೆ ಕಾಕು, ಅಂದರೆ ಚಿಕ್ಕಮ್ಮ. ಕುರಿ ಸಾಕುವ ಮನೆತನ, ಮನೆ ತುಂಬ ಉಣ್ಣೆ. ಆದರೂ ಕೂಸುಗಳ ಕುಂಚಿಗೆ ಹೆಣೆಯಲು ಪೇಟೆಯ ಸಣ್ಣ ನೂಲೇ ಬೇಕು. 'ನಮ್ಮ ಉಣ್ಣಿ ಬೀರಪ್ಪ ದೇವರ ಕಂಬಳಿಗಿ ನಡೀತದ, ಕೂಸಿನ ನೆತ್ತಿಗಿ ನಡಿಯಂಗಿಲ್ಲ' ಎನ್ನುವಳು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರುವೆನೆ? ದಪ್ಪ ನೂಲಾದರೆ ಎರಡು ದಿನದ ಕೆಲಸ, ಸಣ್ಣದಕ್ಕೆ ಎರಡು ವಾರ, ಮೂರು ತಿಂಗಳಿಗೆ ಕೂಸಿನ ತಲೆ ಬೆಳೆದುಬಿಡುತ್ತದೆ, ಮತ್ತೇಕೆ ಈ ಪಾಡು ಎಂದು ವಾದ ಹೂಡಿದ್ದೆ.

'ಕೂಸಿಗಿ ಮಾತು ಬರಲ್ಲ, ವಕೀಲಬಾಯಿ. ನೂಲು ಚುಚ್ಚಿದ್ರ ಅಳ್ತದ. ನಾವು ಹಸಿವಾಗ್ಯದ ಅಂತೀವಿ.'

ಉತ್ತರವಿಲ್ಲದಾಗ ನಾನು ಪುರಾವೆ ಕೇಳುತ್ತೇನೆ.

ಹೋದ ಚಳಿಗಾಲ, ಕುಂಚಿಗೆ ಹೆಣೆಸಲು ಬಂದ ಹೆಂಗಸರ ಎದುರೇ ಆಕೆಯ ಕಣ್ಣಿಗೆ ಟವೆಲ್ ಕಟ್ಟಿ ಮೂರು ನೂಲು ಕೊಟ್ಟೆ: ಒಂದು ನುಣುಪು, ಎರಡು ಒರಟು. ಮೂರು ಸಲವೂ ನುಣುಪೆಂದು ಒರಟನ್ನೇ ಆರಿಸಿದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಇದು ಬರೀ ನಂಬಿಕೆ, ತಿಳಿವಳಿಕೆಯಲ್ಲ ಎಂದು ನಾನು ತೀರ್ಪನ್ನೂ ಕೊಟ್ಟೆ.

ಅವರು ಹೋದ ಮೇಲೆ ಕಾಕು ಟವೆಲ್ ಮಡಚುತ್ತ ಹೇಳಿದಳು: 'ದೀಪಾವಳಿಯಾಗ ಅರ್ಧ ಮಾರಿ ಜೋಮು ಹಿಡೀತು. ತುಟಿ ಸತ್ತದವ್ವಾ. ಉಳಿದರ್ಧದಾಗ ತಿಳಿದೀತು ಅಂದ್ಕೊಂಡಿದ್ದೆ.'

ಅಲ್ಲಿಯವರೆಗೆ, ಮೊದಲೇ ಆರಿಸಿಟ್ಟಿದ್ದ ನೂಲಿನಲ್ಲಿ ದಿನ ದೂಡಿದ್ದಳು. ಅದೂ ಮುಗಿದಿತ್ತು. ಒಂದೇ ಪರೀಕ್ಷೆಯಿಂದ ನಾನು ಒಂದಿಡೀ ಆಯುಷ್ಯವನ್ನು ಸುಳ್ಳೆಂದಿದ್ದೆ. ಯಾವ ಚರ್ಚೆಯಲ್ಲೂ ನಿಲ್ಲದ ವಾದ ಅದು. ಕುಂಚಿಗೆ ಹೆಣೆಸಲು ಹೆಂಗಸರು ಬರುವುದೇ ನಿಂತಿತು. ಎದುರು ಬಂದರೆ ನಾನೇ ತಲೆ ತಗ್ಗಿಸುತ್ತಿದ್ದೆ, ಆಕೆ ಮಾತ್ರ ಊಟ ಆಯಿತೇ ಎಂದೇ ಕೇಳುವಳು.

ಆಮೇಲೆ ವಲಾಂಡಿ ಊರಿನ ಒಬ್ಬ ಬಾಣಂತಿಯ ತಾಯಿ ಕುಂಚಿಗೆ ಬೇಕೆಂದು ಹೇಳಿಕಳಿಸಿದಳು. ಆ ಒಂದು ಕುಂಚಿಗೆ ಚೆನ್ನಾಗಿ ಆದರೆ ಹೋದ ಹೆಸರು ಬಂದೀತೆಂದು ಉದಗೀರದಿಂದ ನಾನೇ ನೂಲು ತಂದೆ. ನಿನ್ನ ತುಟಿಗೆ ಹಚ್ಚಿ ನೋಡು ಎಂದಳು ಕಾಕು. ನೋಡಿದೆ. ನನಗೇನೂ ತಿಳಿಯಲಿಲ್ಲ.

'ಬೆಣ್ಣಿಯಂಗ ಅದ ಕಾಕು' ಅಂದೆ.

ಪುರಾವೆ ಕೇಳಲಿಲ್ಲ ಆಕೆ. ಸೂಜಿ ಎತ್ತಿಕೊಂಡಳು. ಮರುದಿನ ನಾನು ಹಾಸ್ಟೆಲಿಗೆ ಹೋದೆ.

ಬೇಸಿಗೆಯಲ್ಲಿ ಆಕೆ ತೀರಿದ ಸುದ್ದಿ ಬಂತು. ದಿನಕರ್ಮಕ್ಕೆ ಹೋದಾಗ ಆಕೆಯ ಸೊಸೆ ಹೇಳಿದಳು: ಕೂಸಿನ ಹಣೆ ಕೆಂಪಗಾಗಿ ಗುಳ್ಳೆ ಎದ್ದು, ವಲಾಂಡಿಯವರು ಕುಂಚಿಗೆ ಹಿಂದಕ್ಕೆ ತಂದಿದ್ದರಂತೆ. ಇಂಥಾ ನೂಲು ಯಾರು ಆರಿಸಿದ್ದು ಎಂದು ಬಾಗಿಲಲ್ಲೇ ನಿಂತು, ಓಣಿಗೆಲ್ಲ ಕೇಳುವಂತೆ ಕೇಳಿದರಂತೆ.

'ನಾನೇ ಆರಿಸೀನಿ' ಅಂದಳಂತೆ ಕಾಕು.