ಅತ್ತೆಯ ಸಾಗವಾನಿ ಕಪಾಟು

ಅರವತ್ತರ ದಶಕದಲ್ಲಿ ಮದುವೆಯಾಗಿ ಜೋರಾಪುರ ಪೇಟೆಗೆ ಬಂದ ಹೊಸದರಲ್ಲಿ ನನಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಅತ್ತೆಯ ತವರಾದ ಕಾಖಂಡಕಿಯಿಂದ ಚಕ್ಕಡಿಯಲ್ಲಿ ಬಂದಿದ್ದ ಕಪಾಟಿತ್ತು. ಬಂದವರಿಗೆಲ್ಲ ಅದು ಸಾಗವಾನಿಯದೆಂದು ಅತ್ತೆ ಹೇಳುತ್ತಿದ್ದರು. ಆದರೂ ಪ್ರತಿ ದೀಪಾವಳಿಗೆ ಅದಕ್ಕೆ ಹಸಿರು ಬಣ್ಣ ಬಳಿಯಲೇಬೇಕು. ಆ ವರ್ಷ ಬಣ್ಣದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅಂಥ ಕಟ್ಟಿಗೆಯನ್ನು ಮುಚ್ಚಿಡುವುದೇಕೆಂದು ನನಗೆ ಸಿಟ್ಟು ಬಂತು. ಗಾಜಿನ ಚೂರು ಹಿಡಿದು ಹಳೆಯ ಬಣ್ಣ ಕೆರೆಯತೊಡಗಿದೆ.

“ಕೆರೀಬ್ಯಾಡವಾ, ಮ್ಯಾಲಿಂದ ಮ್ಯಾಲ ಹಚ್ಚಿಬಿಡು,” ಎನ್ನುತ್ತ ಅತ್ತೆ ಒಳಗೂ ಹೊರಗೂ ಓಡಾಡಿದರು. ನಾನೆಲ್ಲಿ ಕೇಳುತ್ತೇನೆ? ಬೆರಳು ಕೊಯ್ದುಕೊಂಡರೂ ಬಿಡಲಿಲ್ಲ. ಪದರದ ಕೆಳಗೆ ಪದರ ಎದ್ದು, ಕೊನೆಗೆ ಹಲಗೆ ಕಂಡಿತು. ರೈತರ ಮನೆಯಲ್ಲಿ ಹುಟ್ಟಿದವಳಿಗೆ ಬೇವಿನ ಕಟ್ಟಿಗೆ ಗೊತ್ತಾಗದೆ ಇರುತ್ತದೆಯೇ? ತಿರುಗಿ ನೋಡಿದೆ. ಅತ್ತೆ ಓಡಾಟ ನಿಲ್ಲಿಸಿ, ಸೆರಗಿನ ತುದಿ ಹಿಂಡುತ್ತ ನಿಂತಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, “ಅಯ್ಯ, ಬಣ್ಣಾ ಎಲ್ಲಾ ತಗದೀರೇನು? ಖರೇನ ಸಾಗವಾನಿ ಐತೇನ್ರಿ ಅದು?” ಎಂದಳು.

ನಾನು ಕುಂಚವನ್ನು ಡಬ್ಬಿಗೆ ಅದ್ದಿ, ಕೆರೆದ ಜಾಗಕ್ಕೆ ಲಗುಬಗೆಯಿಂದ ಹಸಿರು ಬಳಿಯುತ್ತಲೇ, “ಮತ್ತೇನ್ರಿ, ಸಾಗವಾನೀನ ಐತಿ,” ಎಂದೆ.