ಎರಡು ಬಗೆಯ ಹೊಲಿಗೆ

ಹಡಗುಕಟ್ಟೆಯ ಹಿಂದಿನ ಗೋದಾಮು ಬೀದಿಯಲ್ಲಿ ಆಕೆಯ ನಿಜವಾದ ಹೆಸರು ಬಲ್ಲವರು ಯಾರೂ ಉಳಿದಿರಲಿಲ್ಲ. ಲಾರಿಯವರಿಗೆ, ಹಮಾಲರಿಗೆ, ಸುಂಕದ ಕಚೇರಿಯವರಿಗೆ, ಎಲ್ಲರಿಗೂ ಆಕೆ ದಬ್ಬಣದಕ್ಕ. ಗೋಣಿ ಹೊಲಿಯುವ ದಬ್ಬಣವೊಂದು ಆಕೆಯ ತುರುಬಿನಲ್ಲಿ ಸದಾ ಸಿಕ್ಕಿಸಿಕೊಂಡೇ ಇರುತ್ತಿತ್ತು. ಚೀಲದ ಬಾಯಿ ಹೊಲಿಯುವ ಕೂಲಿಗೆಂದು ಆ ಬೀದಿಗೆ ಕಾಲಿಟ್ಟವಳು, ತಲೆ ನರೆಯುವ ಹೊತ್ತಿಗೆ ಹೊರದೇಶಗಳಿಗೆ ಎಳ್ಳು ಕಳಿಸುವ ಯಜಮಾನಿಯಾಗಿದ್ದಳು. ಯಾರು ಕೈಹಿಡಿದು ಮೇಲೆತ್ತಿದರು ಎಂದು ಕೇಳಿದರೆ, ಯಾರನ್ನೂ ನಂಬದಿದ್ದದ್ದೇ ಎತ್ತಿತು ಎನ್ನುತ್ತಿದ್ದಳು.

ಆ ಪಾಠವನ್ನು ಆಕೆಗೆ ಕಲಿಸಿದವನು ಸ್ವಂತ ಸೋದರಮಾವ. ಆಕೆ ಮೊದಲ ಸಲ ಹಡಗಿಗೆ ಮಾಲು ತುಂಬಿಸಿದಾಗ ಎಳ್ಳು ಕೊಟ್ಟವನು ಅವನೇ. ಚೀಲದ ಮೇಲ್ಗಡೆ, ಕೆಳಗಡೆ, ಸುತ್ತಲೂ ಹೊಸ ಎಳ್ಳು. ನಟ್ಟನಡುವೆ ಹಳೆಯ ಮುಗ್ಗಲು ಎಳ್ಳು. ಕಡಲಾಚೆಯ ವ್ಯಾಪಾರಿ ಚೀಲದ ಹೊಟ್ಟೆ ಸೀಳಿ ನೋಡಿ, ಇಡೀ ಮಾಲನ್ನು ಬಂದ ದಾರಿಯಲ್ಲೇ ಅಟ್ಟಿದ. ಮಾವನನ್ನು ಕೇಳಿದರೆ, ಅಷ್ಟು ದೂರ ಹೋಗುವ ಚೀಲವನ್ನು ಯಾರು ಬಿಚ್ಚುತ್ತಾರೆ ಎಂದುಕೊಂಡಿದ್ದೆ ಎಂದು ಹಲ್ಲು ಕಿರಿದನಂತೆ. ಅಂದಿನಿಂದ ಆಕೆ ಮನುಷ್ಯರ ಮುಖ ನೋಡಿ ವ್ಯಾಪಾರ ಮಾಡುವುದನ್ನು ಬಿಟ್ಟಳು. ಚೀಲದೊಳಕ್ಕೆ ಭುಜದ ತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಮೂಸಿ, ಹಲ್ಲಿನಲ್ಲಿ ಕಡಿದು ನೋಡಿದ ಮೇಲೆಯೇ ಮಾತು.

ವ್ಯಾಪಾರ ಬೆಳೆದಾಗ ತಮ್ಮನನ್ನು ಜೊತೆಗೆ ಸೇರಿಸಿಕೊಂಡಳು. ಅವನಿಗೆ ಹೊರಗಿನವರ ಭಾಷೆ ಬರುತ್ತಿತ್ತು, ಆಕೆಗೆ ಬರುತ್ತಿರಲಿಲ್ಲ. ಕೊಳ್ಳುವವರೊಂದಿಗೆ ಮಾತು ಅವನದು, ಮಾಲಿನ ಮೇಲೆ ಕಣ್ಣು ಆಕೆಯದು. ಹಾಗೇ ಸಾಗಿತ್ತು. ಈ ಬಾರಿ ಮಾತ್ರ ತಮ್ಮ ತಾನೇ ಒಬ್ಬ ದೊಡ್ಡ ವ್ಯಾಪಾರಿಯನ್ನು ಹಿಡಿದು ತಂದಿದ್ದ. ಈ ಮಾಲು ಒಪ್ಪಿಗೆಯಾದರೆ ವರ್ಷವಿಡೀ ಅವನೇ ಕೊಳ್ಳುತ್ತಾನೆ ಎಂದು ತಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಕ್ಕನ ತಲೆಯೊಳಗೆ ಹುಳ ಹೊಕ್ಕಿದ್ದು ಆಗಲೇ. ತಮ್ಮ ಈ ಸಲ ಎಳ್ಳನ್ನು ಹಳಬರ ಹತ್ತಿರ ಕೊಳ್ಳದೆ ಹೊಸ ದಲ್ಲಾಳಿಯ ಹತ್ತಿರ ಕೊಂಡಿದ್ದ. ಫೋನು ಬಂದರೆ ಎದ್ದು ಅಂಗಳದ ಗೋಡೆಯ ಹತ್ತಿರ ಹೋಗಿ ಮಾತಾಡುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಚೀಲ ಹೊಲಿಯುವ ಮಿಷನ್ನು ತಂದು ಗೋದಾಮಿನಲ್ಲಿ ಕೂರಿಸಿದ್ದ. ಬಿಳಿ ದಾರದಲ್ಲಿ ಅದು ಟರ್ ಎಂದು ಬಾಯಿ ಮುಚ್ಚುವ ವೇಗಕ್ಕೆ ಆಕೆ ಒಂದು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಹತ್ತು ಚೀಲ ಮುಚ್ಚಿಹೋಗುತ್ತಿದ್ದವು. ಇಷ್ಟು ಅವಸರ ಯಾಕಪ್ಪ ಎಂದರೆ ನಕ್ಕ. ಆ ನಗು ಆಕೆಗೆ ಎಲ್ಲೋ ನೋಡಿದ್ದಂತಿತ್ತು. ಮಾವನ ಮನೆತನದ ಹಲ್ಲು ಅವನಿಗೂ ಬಂದಿತ್ತಲ್ಲ.

ಮಾಲು ಹಡಗಿಗೆ ಹೋಗುವ ಮುನ್ನಾದಿನ ತಮ್ಮ ಸುಂಕದ ಕಚೇರಿಗೆ ಹೋಗಿದ್ದ. ಹಮಾಲರು ಊಟಕ್ಕೆ ಎದ್ದಿದ್ದರು. ದಬ್ಬಣದಕ್ಕ ಕಾವಲುಗಾರನಿಂದ ಬೀಗದ ಕೈ ಈಸಿಕೊಂಡು ಒಳಗೆ ಹೋದಳು. ಅಂಚಿನ ಸಾಲಿನ ಚೀಲಗಳ ಬಿಳಿ ದಾರ ಕಿತ್ತು, ಕೈ ಇಳಿಸಿ, ತಳದ ಎಳ್ಳೆತ್ತಿ ಮೂಸಿದಳು. ಚಿನ್ನದಂಥ ಎಳ್ಳು. ಇನ್ನೊಂದು ಬಿಚ್ಚಿದಳು. ಅದೂ ಹಾಗೇ. ಚೆನ್ನಾಗಿದ್ದಷ್ಟೂ ಆಕೆಗೆ ಅನುಮಾನ ಹೆಚ್ಚಾಯಿತು. ಅಂಚಿನಲ್ಲಿ ಒಳ್ಳೆಯದನ್ನಿಟ್ಟು ಒಳಸಾಲಿನಲ್ಲಿ ಕೈಚಳಕ ತೋರಿಸಿದ್ದಾನೇನೋ ಎಂದು ಒಳಸಾಲಿಗೂ ನುಗ್ಗಿದಳು. ಹೊರಗೆ ಹಮಾಲರ ಕೆಮ್ಮು ಕೇಳಿಸಿದಾಗ, ಬಿಚ್ಚಿದ್ದನ್ನೆಲ್ಲ ಗೋಣಿದಾರದಿಂದ ಬೇಗ ಬೇಗ ಹೊಲಿದು ಹೊರಬಂದಳು. ಕಾವಲುಗಾರ ಆಕೆಯ ತೋಳಿಗೆ ಅಂಟಿದ್ದ ಎಳ್ಳನ್ನು ನೋಡಿದ. ನೋಡದವನಂತೆ ಬೀಗದ ಕೈ ತೆಗೆದುಕೊಂಡ.

ಮಾಲು ಕಡಲು ದಾಟಿ ತಲುಪಿತು. ಅಲ್ಲಿಂದ ಒಪ್ಪಿಗೆಯ ಬದಲು ತಕರಾರು ಬಂತು. ಹೆಚ್ಚಿನ ಚೀಲಗಳ ಬಾಯಲ್ಲಿ ಬಿಳಿ ದಾರದ ಮಿಷನ್ ಹೊಲಿಗೆ, ಕೆಲವಕ್ಕೆ ಮಾತ್ರ ಗೋಣಿದಾರದ ಕೈಹೊಲಿಗೆ. ಇವನ್ನು ನಡುವೆ ಯಾರೋ ಬಿಚ್ಚಿದ್ದಾರೆ, ಏನು ತೆಗೆದರೋ ಏನು ಬೆರೆಸಿದರೋ, ನಾನು ಮುಟ್ಟುವುದಿಲ್ಲ ಎಂದು ವ್ಯಾಪಾರಿ ಕೈ ಕೊಡವಿದ್ದ.

ತಮ್ಮ ಗೋದಾಮಿನ ಅಂಗಳದಲ್ಲಿ ನಿಂತು ಕಾವಲುಗಾರನಿಗೆ ನೀರಿಳಿಸಿದ. ಬೀಗ ನಿನ್ನ ಕೈಯಲ್ಲಿತ್ತು, ಕಳ್ಳರಿಗೆ ತೆಗೆದುಕೊಟ್ಟವನು ನೀನೇ, ನಾಳೆಯಿಂದ ಬರಬೇಡ ಎಂದ. ಕಾವಲುಗಾರ ಒಮ್ಮೆ ದಬ್ಬಣದಕ್ಕನ ಕಡೆ ನೋಡಿ, ಸ್ಟೂಲಿನ ಮೇಲಿದ್ದ ತನ್ನ ಊಟದ ಡಬ್ಬಿ ಎತ್ತಿಕೊಂಡ.

"ಅವನನ್ನ ಬಿಡು," ಎಂದಳು. "ಬಿಚ್ಚಿದ್ದು ನಾನು."

"ನೀನಾ? ಯಾಕೆ?"

"ನೋಡೋಕೆ."

ತಮ್ಮ ಕಾವಲುಗಾರನನ್ನು ಬಿಟ್ಟು ಆಕೆಯ ಕಡೆ ತಿರುಗಿದ. "ನನ್ನೊಳಗೆ ಮಾವ ಎಷ್ಟಿದ್ದಾನೆ ಅಂತ ನೋಡೋಕೆ. ಅಲ್ವೇನಕ್ಕ? ಸಿಕ್ಕಿದನಾ?"

"ಇಲ್ಲ."

"ಹಾಗಾದ್ರೆ ಸಮಾಧಾನ ಆಯ್ತು."

"ಎಲ್ಲಿ ಆಯ್ತು? ಹಮಾಲರು ಬಂದುಬಿಟ್ರು, ನಿಲ್ಲಿಸಿದೆ."

ಕಾವಲುಗಾರ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ತಮ್ಮ ನಗಲಿಲ್ಲ. ಈ ವ್ಯಾಪಾರಿ ಕೈತಪ್ಪಿದರೆ ನಾನೂ ಬೇರೆ ದಾರಿ ನೋಡಿಕೊಳ್ಳುತ್ತೇನೆ, ಕಳ್ಳನನ್ನು ಕಾಯುವಂತೆ ಕಾಯಿಸಿಕೊಂಡು ಇಲ್ಲಿರಲಾರೆ ಎಂದ. ಅವನು ದನಿ ಏರಿಸಿದ್ದರೆ ಆಕೆ ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದಕ್ಕೆ ಹೆದರಿದಳು.

ವ್ಯಾಪಾರಿಗೆ ನಾನೇ ಹೇಳುತ್ತೇನೆ ಎಂದಳೇನೋ ಸರಿ, ಯಾವ ಬಾಯಲ್ಲಿ ಹೇಳುವುದು? ಮಾತೆಲ್ಲ ತಮ್ಮನ ಬಾಯಿಂದಲೇ ಹೋಗಬೇಕು, ಉತ್ತರವೂ ಅವನ ಬಾಯಿಂದಲೇ ಬರಬೇಕು. ಯಾರನ್ನು ನಂಬದೆ ಚೀಲ ಬಿಚ್ಚಿದಳೋ ಅವನ ನಾಲಿಗೆಯ ಮೇಲೆ ಈಗ ತನ್ನ ಮಾನ ಇಟ್ಟು ಕೂರಬೇಕಾಯಿತು. ಬಿಚ್ಚಿ ನೋಡಲು ಇದಕ್ಕೆ ಹೊಲಿಗೆಯೂ ಇರಲಿಲ್ಲ.

ಫೋನಿನಲ್ಲಿ ವ್ಯಾಪಾರಿಯ ಮುಖ ಮೂಡಿತು. ಆಕೆ ಎರಡು ಮಾತು ಹೇಳಿದಳು, ತಮ್ಮ ಅದನ್ನು ಎಷ್ಟೋ ಉದ್ದ ಮಾಡಿ ಹೇಳಿದ. ವ್ಯಾಪಾರಿ ಮುಖ ಕೆಂಪಗೆ ಮಾಡಿಕೊಂಡು ಬಹಳ ಹೊತ್ತು ಏನೇನೋ ಅಂದ. ತಮ್ಮ ತಿರುಗಿ, ನಂಬೋದು ಹೇಗೆ ಅಂತಾರೆ ಎಂದಷ್ಟೇ ಹೇಳಿದ.

"ಅಷ್ಟುದ್ದ ಮಾತಾಡಿದ್ದಕ್ಕೆ ಇಷ್ಟೇನಾ?"

"ಉಳಿದಿದ್ದು ಬೈಗುಳ. ಬೇಕಾದ್ರೆ ಅದನ್ನೂ ಹೇಳ್ತೀನಿ."

"ಬೇಡ," ಎಂದು ತುರುಬಿನಿಂದ ದಬ್ಬಣ ಕಿತ್ತಳು. "ಆ ಚೀಲದ ಬಾಯಿ ತೋರಿಸೋಕೆ ಹೇಳು. ನನ್ನ ಹೊಲಿಗೆ ಹೌದೋ ಅಲ್ಲವೋ ನೋಡಲಿ."

ಖಾಲಿ ಗೋಣಿಯೊಂದನ್ನು ಮೊಣಕಾಲಿನ ಮೇಲೆ ಹಾಕಿಕೊಂಡು, ಫೋನಿನ ಕಣ್ಣಿನ ಮುಂದೆ ಹೊಲಿಯತೊಡಗಿದಳು. ಒಂದು ಓರೆ, ಒಂದು ನೆಟ್ಟಗೆ, ಮತ್ತೊಂದು ಓರೆ. ಕೊನೆಗೆ ಜೋಡಿಗಂಟು ಹಾಕಿ ತುದಿಯನ್ನು ಮಡಿಕೆಯೊಳಗೆ ತುರುಕಿದಳು. ಕೂಲಿಯ ಕಾಲದಲ್ಲಿ ತಾನೇ ಕಂಡುಕೊಂಡ ಹೊಲಿಗೆ. ಅಷ್ಟು ವರ್ಷ ಊರವರ ಮಾಲನ್ನೆಲ್ಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪರೀಕ್ಷಿಸಿದವಳನ್ನು ಇಂದು ಬೇರೆಯವರ ಕಣ್ಣು ಪರೀಕ್ಷಿಸುತ್ತಿತ್ತು. ಬೆರಳಿಗೆ ದಬ್ಬಣ ಚುಚ್ಚಿಕೊಂಡರೂ ತೋರಗೊಡಲಿಲ್ಲ. ಆ ಕಡೆಯವರು ಅಲ್ಲಿಯ ಚೀಲದ ಬಾಯನ್ನು ಫೋನಿಗೆ ಹಿಡಿದರು. ಅದೇ ಓರೆ, ಅದೇ ನೇರ. ಗಂಟೂ ಅದೇ. ಕೈಹೊಲಿಗೆಯ ಚೀಲಗಳನ್ನು ಬೇರೆಯಿಟ್ಟು ತಳದ ತನಕ ನೋಡುತ್ತೇನೆ, ಚೆನ್ನಾಗಿದ್ದರೆ ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ ಎಂದನಂತೆ ವ್ಯಾಪಾರಿ. ನೋಡಿದ, ತೆಗೆದುಕೊಂಡ.

ಮಾಲು ಒಪ್ಪಿದ ಸುದ್ದಿ ಬಂದ ಮೇಲೆ ಆಕೆ ತಮ್ಮನನ್ನು ಕೇಳಿದಳು. "ನಾನು ಯಾಕೆ ಬಿಚ್ಚಿದೆ ಅಂತ ಅವರಿಗೆ ಏನು ಹೇಳ್ದೆ?"

"ನಿಜ ಹೇಳ್ದೆ."

ಯಾವ ನಿಜ ಎಂಬ ಮಾತು ತುಟಿಯ ತುದಿಗೆ ಬಂತು. ನುಂಗಿಕೊಂಡಳು. ಬದುಕಿನಲ್ಲಿ ಆಕೆ ಕೈ ಇಳಿಸಿ ನೋಡದೆ ಬಿಟ್ಟ ಸರಕು ಅದೊಂದೇ ಇರಬೇಕು.

ಮುಂದಿನ ಮಾಲು ಬಂದ ದಿನ ತಮ್ಮ ಬೇರೆ ದಾರಿಯ ಮಾತೆತ್ತಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಒಂದು ಸ್ಟೂಲು ತಂದಿಟ್ಟ. "ಇಲ್ಲಿ ಕೂತ್ಕೊ ಅಕ್ಕ. ಏನು ನೋಡೋದಿದ್ರೂ ಬಾಯಿ ಮುಚ್ಚೋಕೆ ಮುಂಚೆ ನೋಡು, ನನ್ನೆದುರಿಗೇ ನೋಡು."

ಸಿಟ್ಟು ಇಷ್ಟು ಬೇಗ ಇಳಿಯಿತಲ್ಲ, ಯಾಕಿರಬಹುದು ಎಂದುಕೊಳ್ಳುತ್ತಲೇ ಆಕೆ ಮೊದಲ ಚೀಲಕ್ಕೆ ಭುಜದ ತನಕ ಕೈ ಇಳಿಸಿದಳು. ತಳದ ಎಳ್ಳೆತ್ತಿ ಮೂಸಿದಳು, ಕಡಿದಳು. ಕುಂದಿರಲಿಲ್ಲ. ತಮ್ಮನ ಮುಖ ನೋಡಿದಳು. ಆಮೇಲೆ ಪಕ್ಕದ ಚೀಲದ ಕಡೆ ಕೈ ತೋರಿಸಿದಳು.

"ಗೊತ್ತಿತ್ತು," ಎಂದು ತಮ್ಮ ಅದರ ಬಾಯಿ ಅಗಲಿಸಿ ಹಿಡಿದ.